ಕಲಾಯಿಗೆ ಹೋದ ಭಾಂಡೆ

ತೆರೆಯ ಮೇಲೆ "ಕ್ಲೌಡ್: ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಲಭ್ಯ" ಎಂಬ ಸಾಲು ಮೂಡಿತು. ಅದನ್ನು ಓದಲೆಂದು ಸರೋಜಾ ಬಾಯಿ ತೆರೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಪ್ರೊಜೆಕ್ಟರು ಸುಂಯ್ ಎಂದು ನಿಂತಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಏಪ್ರಿಲ್ ತಿಂಗಳ ಶಹಾಪುರವೆಂದರೆ ಕೇಳಬೇಕೆ? ಫ್ಯಾನು ನಿಂತ ಎರಡು ನಿಮಿಷಕ್ಕೆ ನಲವತ್ತು ಮಂದಿ ಕೂತಿದ್ದ ಆ ಕೋಣೆ ಒಲೆಯಾಯಿತು.

ಮುಂದಿನ ಸಾಲಿನ ಮೂರು ಕುರ್ಚಿಗಳಲ್ಲಿ ಪರೀಕ್ಷಿಸುವವರು ಕೂತಿದ್ದರು. ಅವರಲ್ಲಿ ಪ್ರಿನ್ಸಿಪಾಲ ಮಹಾದೇವಪ್ಪನವರು ಅರ್ಧ ಎದ್ದು, "ಜನರೇಟರಿಗೆ ಡೀಸೆಲ್ ಇಲ್ರಿ ಮೇಡಂ, ಮೊನ್ನಿ ಫಂಕ್ಷನ್ನಿಗೆ ಖಾಲಿ ಆತು," ಎಂದು ತಪ್ಪು ತಮ್ಮದೇ ಎಂಬಂತೆ ಹೇಳಿದರು.

"ಇರ್ಲಿ ಬಿಡ್ರಿ ಸರ್, ಬೋರ್ಡ್ ಮ್ಯಾಲೆ ಮಾಡ್ತೀನ್ರಿ," ಎಂದು ಸರೋಜಾ ಸೀಮೆಸುಣ್ಣ ಎತ್ತಿಕೊಂಡಳು.

ಖಾಸಗಿ ಸಂಸ್ಥೆಯೊಂದರ ಈ ಕಾಲೇಜಿನಲ್ಲಿ ಅವಳು ಮೂರು ವರ್ಷದಿಂದ ತಾತ್ಕಾಲಿಕ ಉಪನ್ಯಾಸಕಿ. ಪ್ರತಿ ಜೂನ್‌ನಲ್ಲಿ ಮತ್ತೆ ಅರ್ಜಿ, ಮತ್ತೆ ಕಾಯುವಿಕೆ. ಈ ಸಲ ಬಿಸಿಎ ವಿಭಾಗಕ್ಕೆ ಒಂದು ಕಾಯಂ ಹುದ್ದೆ ಬಂದಿತ್ತು, ಒಂದೇ ಒಂದು. ಅದಕ್ಕೆ ಮೂವರನ್ನು ಕರೆದು, ಮಕ್ಕಳ ಮುಂದೆಯೇ ನಲವತ್ತೈದು ನಿಮಿಷದ ಪಾಠ ಮಾಡಿಸಿ ನೋಡುತ್ತಿದ್ದರು. ವಿಷಯ, ಹೊಸ ಪಠ್ಯಕ್ರಮದ ಮೊದಲ ಅಧ್ಯಾಯ: ಕ್ಲೌಡ್ ಕಂಪ್ಯೂಟಿಂಗ್‌ನ ಪರಿಚಯ. ಉಳಿದಿಬ್ಬರು ಬೆಳಿಗ್ಗೆ, ಕರೆಂಟು ಇದ್ದಾಗಲೇ, ಬಣ್ಣಬಣ್ಣದ ಚಿತ್ರ ತೋರಿಸಿ ಮುಗಿಸಿ ಹೋಗಿದ್ದರು. ಐವತ್ತೆಂಟು ದಾಟಿದ ಅವಳ ಅವ್ವ ಮೋನಮ್ಮ ಈಗಲೂ ಹೊಲದ ಕೂಲಿಗೆ ಟಂಟಂ ಆಟೋದಲ್ಲಿ ಸುರಪುರದ ಕಡೆಗೆ ಹೋಗುತ್ತಿದ್ದಳು. ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಈ ನೌಕರಿ ಕಾಯಂ ಆದ ದಿನ ಅವ್ವನ ಕೂಲಿ ಬಿಡಿಸುವುದೆಂದು ಸರೋಜಾ ಗಟ್ಟಿ ಮಾಡಿಕೊಂಡಿದ್ದಳು.

ಒಂದು ತಿಂಗಳು ತಯಾರಿ ನಡೆಸಿದ್ದಳು. ಕಾಲೇಜಿನ ಲ್ಯಾಬಿನ ಹನ್ನೆರಡು ಕಂಪ್ಯೂಟರಿನಲ್ಲಿ ಏಳು ಮಾತ್ರ ಜೀವಂತ. ಅವುಗಳಲ್ಲಿ ಒಂದರ ಮುಂದೆ ಕೂತು, ಹೆಸರು ಮಾತ್ರ ಕೇಳಿದ್ದ ದೊಡ್ಡ ಕಂಪನಿಗಳ ಕ್ಲೌಡ್‌ನಲ್ಲಿ ಪುಕ್ಕಟೆ ಖಾತೆ ತೆರೆದು, ಮುಂಬೈಯಲ್ಲೆಲ್ಲೋ ಇರುವ ಯಂತ್ರವೊಂದನ್ನು ಶಹಾಪುರದಿಂದ ಚಾಲೂ ಮಾಡಿದ್ದಳು. ಕಪ್ಪು ತೆರೆಯ ಮೇಲೆ ಅದು ತನ್ನ ಹೆಸರು ಹೇಳಿದಾಗ ಮೈ ಜುಂ ಎಂದಿತ್ತು. ಮನೆಗೆ ಹೋಗಿ, "ಯವ್ವಾ, ಮುಂಬೈದಾಗಿನ ಮಷಿನ್ ನನ್ನ ಮಾತು ಕೇಳ್ತು," ಅಂದಿದ್ದಳು. ಮೋನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಅಲ್ಲಿ ಕರೆಂಟು ಇರ್ತೈತೇನು?" ಎಂದು ಕೇಳಿದ್ದಳು.

ಬೋರ್ಡಿನ ಮೇಲೆ ಸರೋಜಾ ಮೋಡ ಬರೆಯಲಿಲ್ಲ. ಒಂದು ಕೊಪ್ಪರಿಗೆ ಬರೆದಳು.

"ನಿಮ್ಮ ಮನ್ಯಾಗ ಮದಿವಿ ಐತಿ ಅಂತ ತಿಳ್ಕೊಳ್ರಿ. ಐನೂರು ಮಂದಿ ಉಣ್ಣಾಕ ಬರೋರು. ಐನೂರು ತಾಟು ಕೊಂಡ್ಕೊಂಡು ತರ್ತೀರೇನು?"

"ಇಲ್ರಿ ಮೇಡಂ," ಎಂದಿತು ಇಡೀ ಕ್ಲಾಸು.

"ಯಾಕ?"

"ಮರುದಿನ ಎಲ್ಲಿ ಇಡೂದ್ರಿ?" ಎಂದಳು ಕಿಟಕಿ ಪಕ್ಕದ ಹುಡುಗಿಯೊಬ್ಬಳು. ಎಲ್ಲರೂ ನಕ್ಕರು.

"ಮತ್ತ ಏನ್ ಮಾಡ್ತೀರಿ? ಬಸ್ ಸ್ಟ್ಯಾಂಡ್ ಹಿಂದ ಮದೀನಾಬೀ ಶಾಮಿಯಾನ ಅಂಗಡಿಗೆ ಹೋಗ್ತೀರಿ. ತಾಟು, ಡಬರಿ, ಕುರ್ಚಿ ಎಷ್ಟು ಬೇಕೋ ಅಷ್ಟು ತರ್ತೀರಿ. ಬ್ಯಾಡಾದ ಮ್ಯಾಲೆ ತಿಕ್ಕಿ ವಾಪಸ್ ಕೊಡ್ತೀರಿ. ಕ್ಲೌಡ್ ಅಂದ್ರ ಇಷ್ಟಽ ನೋಡ್ರಿ. ನಿಮ್ಮ ಹತ್ರ ಇಲ್ಲದ ಕಂಪ್ಯೂಟರ್ ಮತ್ತೊಬ್ಬರ ಹತ್ರ ಐತಿ. ಬೇಕಾದಾಗ ತಗೋಬೇಕು, ಬ್ಯಾಡಾದಾಗ ಬಿಡಬೇಕು."

ಆಮೇಲೆ ಅವಳ ಮಾತು ಸರಾಗವಾಯಿತು. ಬರೀ ಭಾಂಡೆ-ಪಾತ್ರೆ ತಂದು ಒಲೆ, ಕಟ್ಟಿಗೆ, ಅಡುಗೆ ಎಲ್ಲ ನೀವೇ ನೋಡಿಕೊಂಡರೆ ಅದು ಇನ್‌ಫ್ರಾಸ್ಟ್ರಕ್ಚರ್ ಸೇವೆ. ಮದೀನಾಬೀಯೇ ಪೆಂಡಾಲು ಹಾಕಿ, ಒಲೆ ಹೂಡಿ, ಗ್ಯಾಸು ಜೋಡಿಸಿ ಕೊಟ್ಟು, ಹುಗ್ಗಿ ಮಾತ್ರ ನಿಮ್ಮ ಕೈಯಿಂದ ಆಗಬೇಕಾದರೆ ಅದು ಪ್ಲಾಟ್‌ಫಾರ್ಮ್ ಸೇವೆ. ಅಡುಗೆಯವರು, ಬಡಿಸುವವರು ಎಲ್ಲರನ್ನೂ ಅವಳೇ ಕಳಿಸಿ, ನೀವು ಕೈತೊಳೆದು ಎಲೆಯ ಮುಂದೆ ಕೂತರೆ ಅದು ಸಾಫ್ಟ್‌ವೇರ್ ಸೇವೆ. ನೀವು ದಿನಾ ನೋಡುವ ಇಮೇಲು ಆ ಮೂರನೆಯ ಪಂಕ್ತಿಯದು. ಐನೂರು ಮಂದಿಗೆ ಅಂದುಕೊಂಡಲ್ಲಿ ಏಳುನೂರು ಬಂದರೆ? ಮದೀನಾಬೀಗೆ ಒಂದು ಫೋನು. ಅರ್ಧ ಗಂಟೆಯಲ್ಲಿ ಟೆಂಪೋದಲ್ಲಿ ಇನ್ನೂರು ತಾಟು ಬಾಗಿಲಿಗೆ. ಅದಕ್ಕೆ ಪುಸ್ತಕದಲ್ಲಿ ಇಲಾಸ್ಟಿಸಿಟಿ ಎಂದು ಹೆಸರು. ಮಕ್ಕಳು ಬೆವರು ಒರೆಸಿಕೊಳ್ಳುತ್ತ ಬರೆದುಕೊಳ್ಳುತ್ತಿದ್ದರು. ಬೆಳಗಿನ ಎರಡು ಪಾಠಗಳಲ್ಲಿ ಮೊಬೈಲು ನೋಡುತ್ತಿದ್ದವರೂ ತಲೆ ಎತ್ತಿದ್ದರು.

ಕಲಬುರಗಿಯಿಂದ ವಿಷಯ ತಜ್ಞೆಯಾಗಿ ಬಂದಿದ್ದ ರೇಣುಕಾದೇವಿ ಬೀಸಣಿಗೆಯಂತೆ ಬೀಸಿಕೊಳ್ಳುತ್ತಿದ್ದ ಅಂಕಪಟ್ಟಿಯನ್ನು ತೊಡೆಯ ಮೇಲಿಟ್ಟು ಏನೋ ಬರೆದರು. ನಡುವಿನ ಕುರ್ಚಿಯಲ್ಲಿದ್ದ ಸಂಸ್ಥೆಯ ಚೇರ್ಮನ್ ಭಗವಂತರಾಯರಂತೂ ಅರಳಿಬಿಟ್ಟಿದ್ದರು.

ಭಗವಂತರಾಯರು ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುವುದು ಲೇಸು. ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ಸರೋಜಾಳ ಊರಿನವರೇ, ಊರ ಗೌಡರ ಮನೆತನ. ಕಾಲುವೆ ನೀರಿನ ಭತ್ತದ ಗದ್ದೆ ಅಲ್ಲಿ, ಮನೆ ಈಗ ಶಹಾಪುರದಲ್ಲಿ. ಅವಳು ಎಂಸಿಎ ಓದುವಾಗ ಹಾಸ್ಟೆಲ್ಲಿಗೆ ಶಿಫಾರಸಿನ ಚೀಟಿ ಬರೆದುಕೊಟ್ಟವರು ಅವರೇ, ಇಲ್ಲಿ ತಾತ್ಕಾಲಿಕವಾಗಿ ಸೇರಿಸಿಕೊಂಡವರೂ ಅವರೇ. ಎದುರಾದಾಗಲೆಲ್ಲ "ನಮ್ಮೂರ ಮಗಳು" ಎಂದೇ ನಾಲ್ಕು ಜನರಿಗೆ ಪರಿಚಯಿಸುತ್ತಿದ್ದರು. ಅವಳು ಊರಿನ ಯಾವ ಓಣಿಯ ಮಗಳೆಂಬುದು ಅವರಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರೂ ಆಡುತ್ತಿರಲಿಲ್ಲ.

ಸರೋಜಾ ಬೋರ್ಡಿನ ಇನ್ನೊಂದು ಬದಿಗೆ ಕ್ಲೌಡಿನ ನಾಲ್ಕು ಬಗೆಗಳನ್ನು ಬರೆದಳು: ಪಬ್ಲಿಕ್, ಪ್ರೈವೇಟ್, ಕಮ್ಯುನಿಟಿ, ಹೈಬ್ರಿಡ್. "ಮದೀನಾಬೀ ಅಂಗಡಿ ಪಬ್ಲಿಕ್. ಯಾರು ಹೋದ್ರೂ ಸಿಗ್ತೈತಿ. ಸಾಹುಕಾರ್ರ ಮನಿ ಅಟ್ಟದ ಮ್ಯಾಲಿನ ಸ್ವಂತ ಭಾಂಡಿ ಪ್ರೈವೇಟ್..."

"ಏ ತಂಗಿ, ಒಂದ್ ನಿಮಿಷ ತಡಿ," ಎಂದರು ಭಗವಂತರಾಯರು. ತಡೆಯಲಾಗಲಿಲ್ಲ ಅವರಿಗೆ. ಕುರ್ಚಿಯನ್ನೇ ಮಕ್ಕಳ ಕಡೆ ತಿರುಗಿಸಿಕೊಂಡರು. "ಅಂಗಡಿತನಕ ಯಾಕ ಹೋಗಬೇಕು? ನಮ್ಮೂರ ಹಣಮಪ್ಪನ ಗುಡಿ ಭಾಂಡಿ ಇಲ್ಲೇನು? ನಮ್ಮಪ್ಪ ಮಾಡ್ಸಿ ಕೊಟ್ಟಿದ್ದು. ಬಾಡಿಗಿ ಇಲ್ಲ, ಏನಿಲ್ಲ. ಊರಾಗ ಯಾರ ಮನಿ ಕಾರ್ಯ ಇದ್ರೂ ಒಯ್ಯೂದು, ಉಣ್ಣೂದು, ತಂದಿಡೂದು. ಇವ್ರು ಈಗ ಅಮೆರಿಕಾದಾಗ ಕಂಡುಹಿಡದಾರ, ನಮ್ಮ ಹಿರ್ಯಾರು ಐವತ್ತು ವರ್ಷದ ಹಿಂದಽ ಕ್ಲೌಡ್ ಮಾಡಿ ಇಟ್ಟಾರ!"

ಪ್ರಿನ್ಸಿಪಾಲರು ಮೊದಲು ನಕ್ಕರು, ಅವರನ್ನು ನೋಡಿ ಮಕ್ಕಳು ನಕ್ಕರು. ಸರೋಜಾಳೂ ಮುಗುಳ್ನಕ್ಕಳು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ರೇಣುಕಾದೇವಿಗೆ ಈ ಊರು, ಆ ಗುಡಿ ಏನೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದುದು ವಿಷಯ ಒಂದೇ. ಅಭ್ಯರ್ಥಿಗೆ ಪ್ರಶ್ನೆ ಕೇಳಬೇಕಾದ ಹೊತ್ತೂ ಅದಾಗಿತ್ತು.

"ಉದಾಹರಣಿ ಛಲೋ ಐತಿ ಸರ್ ಅವ್ರದು," ಎಂದರು ಪೆನ್ನು ಎತ್ತಿ. "ಹಂಗಾದ್ರ ಹೇಳ್ರಿ ಮೇಡಂ, ಆ ಗುಡಿ ಭಾಂಡಿ ನಿಮ್ಮ ಈ ನಾಲ್ಕರಾಗ ಯಾವುದ್ರಾಗ ಬರ್ತೈತಿ? ಕಾರಣಾ ಸಹಿತ ಹೇಳ್ರಿ."

"ಪಬ್ಲಿಕ್!" ಎಂದರು ಭಗವಂತರಾಯರು ತಾವೇ ಪರೀಕ್ಷೆಗೆ ಕೂತವರಂತೆ.

"ಸರ್, ಅವ್ರು ಹೇಳ್ಲಿ," ಎಂದರು ರೇಣುಕಾದೇವಿ.

ಸರೋಜಾ ಬೋರ್ಡಿನ ಕಡೆ ನೋಡಿದಳು. ಒಂದು ಶಬ್ದ ಹೇಳಿದರೆ ಸಾಕಿತ್ತು. ಚೇರ್ಮನ್ನರೇ ಬಾಯಿಗೆ ಇಟ್ಟುಕೊಟ್ಟ ಶಬ್ದ. ರೇಣುಕಾದೇವಿ ತಲೆದೂಗುತ್ತಿದ್ದರು, ಪಾಠ ಮುಂದೆ ಹೋಗುತ್ತಿತ್ತು, ಜೂನ್‌ನಲ್ಲಿ ಆದೇಶ ಕೈಗೆ ಬರುತ್ತಿತ್ತು.

ಅವಳಿಗೆ ಹನ್ನೊಂದು ವರ್ಷವಿದ್ದಾಗ ಅಕ್ಕನ ಮದುವೆ. ಅಪ್ಪನ ಜೊತೆ ಅವಳೂ ಗುಡಿಗೆ ಹೋಗಿದ್ದಳು. ಅಪ್ಪ ಮೆಟ್ಟಿಲ ಕೆಳಗೇ ನಿಂತು ಕೇಳಿದ. ಭಾಂಡೆಯ ಕೋಣೆ ನೋಡಿಕೊಳ್ಳುತ್ತಿದ್ದ ಬಸಲಿಂಗ ಮೇಲಿನಿಂದಲೇ, ಬಹಳ ಮರುಕದಿಂದ, "ಎಲ್ಲಾ ಕಲಾಯಿಗೆ ಹೋಗ್ಯಾವಲ್ಲಪಾ," ಎಂದ. ತಾಮ್ರದ ಭಾಂಡೆಗೆ ಒಳಗೆ ತವರ ಬಳಿಸಲು ಕಲಾಯಿಯವನ ಹತ್ತಿರ ಕಳಿಸುವುದು ಇದ್ದದ್ದೇ. ಅಪ್ಪ "ಹೌದ್ರಿ, ಹೌದ್ರಿ" ಎಂದು ತಿರುಗಿದ. ಗುಡಿಯ ಹಿತ್ತಲಲ್ಲಿ ತೊಳೆದು ಬೋರಲು ಹಾಕಿದ ಕೊಪ್ಪರಿಗೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಸರೋಜಾ ಕೈ ತೋರಿಸಿ, "ಅಲ್ಲೇ ಅದಾವಲ್ಲಪ್ಪಾ," ಅಂದಳು. ಅಪ್ಪ ಆ ಕೈಯನ್ನು ಹಿಡಿದು ಕೆಳಗೆ ಇಳಿಸಿದ. ಇನ್ನೂ ಮೂರು ಮನೆಗೆ ಅದೇ ಉತ್ತರ ಬಂದ ಮೇಲೆ ಓಣಿಯವರೆಲ್ಲ ಕೂಡಿ ತಮ್ಮವೇ ಭಾಂಡೆ ಮಾಡಿಸಿಕೊಂಡರು. ಅವು ಬುದ್ಧವಿಹಾರದ ಕೋಣೆಯಲ್ಲಿರುತ್ತವೆ, ಕೀಲಿಕೈ ಮೋನಮ್ಮನ ಸೊಂಟದಲ್ಲಿ.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಯಾರ ಬಣ್ಣ ಎಂದು ಗಾದೆ ಹೇಳುವುದಿಲ್ಲ. ಸರೋಜಾಳಿಗೆ ಹೆದರಿಕೆಯಾಗಿತ್ತು. ಆದರೆ ನಲವತ್ತು ಮಂದಿ ಪೆನ್ನು ಹಿಡಿದು ಕಾಯುತ್ತಿದ್ದರು. ಅವಳು ಹೇಳಿದ್ದನ್ನು ಪರೀಕ್ಷೆಯಲ್ಲಿ ಬರೆಯುವವರು ಅವರು.

"ಪಬ್ಲಿಕ್ ಅಲ್ರಿ ಮೇಡಂ," ಎಂದಳು. "ಕಮ್ಯುನಿಟಿ. ಒಂದು ಗುಂಪಿನವರಿಗೆ ಮಾತ್ರ ಸೇರಿದ್ದು. ಪಬ್ಲಿಕ್ ಅಂದ್ರ, ಬಂದವ್ರು ಯಾರಂತ ಕೇಳಬಾರ್ದು. ಮದೀನಾಬೀ ಎಷ್ಟು ತಾಟು ಅಂತ ಕೇಳ್ತಾಳ, ಅಷ್ಟ. ಗುಡಿಯಾಗ ಯಾರ ಮನಿ ಅಂತ ಕೇಳ್ತಾರ್ರಿ. ನಮ್ಮ ಓಣಿಗೆ ಕೊಡಂಗಿಲ್ಲ."

ಭಗವಂತರಾಯರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿ ಇತ್ತು. "ಯಾರಂದ್ರು ಹಂಗ? ಕೊಡಂಗಿಲ್ಲ ಅಂತ ಯಾರಂದಾರ, ಹೆಸರು ಹೇಳು."

"ಕೊಡಂಗಿಲ್ಲ ಅಂತ ಯಾರೂ ಅಂದಿಲ್ರಿ ಸರ್. ಕಲಾಯಿಗೆ ಹೋಗ್ಯಾವ ಅಂತಾರ್ರಿ."

"ಹೋಗಿರಬೇಕು ಮತ್ತ! ಅದಕ್ಕ ಇಷ್ಟ್ಯಾಕ..."

"ನಮ್ಮಕ್ಕನ ಮದಿವಿಗೆ ಕೇಳಿದಾಗೂ ಹೋಗಿದ್ವುರಿ. ಹೋದ ವರ್ಷ ಓಣ್ಯಾಗ ಒಂದಽ ದಿನ ಎರಡು ಮದಿವಿ ಬಂದ್ವು, ನಮ್ಮವು ಸಾಲಲಿಲ್ಲ, ಕಾಕಾ ಹೋಗಿ ಕೇಳಿದ. ಆವಾಗೂ ಕಲಾಯಿಗೆ ಹೋಗಿದ್ವು."

"ಹೋದ ವರ್ಷ?" ಭಗವಂತರಾಯರು ಗೆದ್ದವರಂತೆ ಎರಡೂ ಕೈ ಚಾಚಿದರು. "ಏ ಹುಚ್ಚಿ, ಸುಳ್ಳು ಹೇಳಿದ್ರ ಖರೇದ ನೆತ್ತಿ ಮ್ಯಾಲೆ ಹೊಡದಂಗ ಇರಬೇಕು. ತಾಮ್ರದವು ಎಲ್ಲಿ ಅದಾವ ಈಗ? ಎಂಟು ವರ್ಷ ಆತು, ನಾನಽ ನಿಂತು ಎಲ್ಲಾ ಸ್ಟೀಲ್ ಮಾಡ್ಸೀನಿ. ಸ್ಟೀಲ್ ಭಾಂಡಿಗೆ ಎಲ್ಲೀ ಕಲಾಯಿ..."

ಅಷ್ಟಕ್ಕೆ ನಿಂತರು. ಚಾಚಿದ ಕೈ ಹಾಗೇ ಇತ್ತು. ಹಿಂದಿನ ಬೆಂಚಿನಿಂದ ನಗೆಯೊಂದು ಹಾರಿ ಬಂತು, ಒಂದೇ ಒಂದು, ತಡೆಯಲು ಹೋಗಿ ತಪ್ಪಿಸಿಕೊಂಡದ್ದು. ಯಾರೂ ತಿರುಗಿ ನೋಡಲಿಲ್ಲ. ಮಹಾದೇವಪ್ಪನವರು ತಮ್ಮ ಚಪ್ಪಲಿ ನೋಡುತ್ತ ಕೂತರು.

ರೇಣುಕಾದೇವಿ ಪಟ್ಟಿಯ ಮೇಲೆ ಬರೆದು ಮುಗಿಸಿ ತಲೆ ಎತ್ತಿದರು. "ಉತ್ತರ ಸರಿ ಐತಿ," ಎಂದರು. "ಮುಂದ ಹೋಗ್ರಿ. ಹೈಬ್ರಿಡ್ ಉಳದದ."

ಉಳಿದ ಒಂಬತ್ತು ನಿಮಿಷದಲ್ಲಿ ಸರೋಜಾ ಹೈಬ್ರಿಡ್ ಮುಗಿಸಿದಳು. ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಭಗವಂತರಾಯರು ಕೊನೆಯವರೆಗೂ ಕೂತಿದ್ದರು. ಎದ್ದು ಹೋಗುವಾಗ ಅವಳ ಕಡೆ ಒಮ್ಮೆ ನೋಡಿ ಹೊರಟರು.

ಮನೆಯಲ್ಲಿ ಮೋನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಕಾಲಿಗೆ ಎಣ್ಣೆ ತಿಕ್ಕುತ್ತ, "ಬಡವನ ಸಿಟ್ಟು ದವಡಿಗೆ ಮೂಲ ಅಂತ ನಿಮ್ಮಪ್ಪ ಹೇಳ್ತಿದ್ದ," ಎಂದಳು.

"ಸಿಟ್ಟು ಮಾಡಿಲ್ಲವ್ವಾ. ಪ್ರಶ್ನಿ ಕೇಳಿದ್ರು, ಉತ್ತರ ಹೇಳ್ದೆ."

"ಹೇಳ್ದಿ ಬಿಡು," ಎಂದಳು ಮೋನಮ್ಮ. ಸ್ವಲ್ಪ ಹೊತ್ತಿನ ಮೇಲೆ, "ಸ್ಟೀಲ್ ಭಾಂಡಿಗೆ ಎಲ್ಲೀ ಕಲಾಯಿ ಅಂದನೇನು ಗೌಡ? ಅವನಽ ಅಂದನೇನು?" ಎಂದು ಇನ್ನೊಂದು ಸಲ ಹೇಳಿಸಿ ಕೇಳಿದಳು. ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವತನಕ ನಕ್ಕಳು.

ಮೇ ತಿಂಗಳ ಎರಡನೆಯ ವಾರ ಮಹಾದೇವಪ್ಪನವರ ಫೋನು ಬಂತು. ರಜೆಯಾದ್ದರಿಂದ ಸರೋಜಾ ಮನೆಯಲ್ಲೇ ಇದ್ದಳು.

"ಮೇಡಂ, ರೇಣುಕಾದೇವಿ ಮೇಡಂ ನಿಮಗಽ ಎಲ್ಲಾರಕಿಂತ ಹೆಚ್ಚು ಕೊಟ್ಟಿದ್ರು. ನಾನೂ ಕಮ್ಮಿ ಕೊಟ್ಟಿಲ್ರಿ," ಎಂದು ಶುರು ಮಾಡಿದರು. ಶುರು ಮಾಡಿದ ರೀತಿಯಲ್ಲೇ ಕೊನೆ ಏನೆಂದು ಅವಳಿಗೆ ತಿಳಿಯಿತು. ಹುದ್ದೆ ಬೆಳಿಗ್ಗೆ ಪಾಠ ಮಾಡಿದ ರಾಯಚೂರಿನವನಿಗೆ ಆಗಿತ್ತು. ಕಾಯಂ ಆಗಿ ಒಬ್ಬರು ಬಂದ ಮೇಲೆ ತಾತ್ಕಾಲಿಕದ ಕೆಲಸವೂ ಇರುವುದಿಲ್ಲ.

"ಚೇರ್ಮನ್ನರಿಗೆ ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಮತ್ತ. ಗುಡಿಗೆ ಹೋಗಿ ಆ ಬಸಲಿಂಗಗ ಎಲ್ಲಾರ ಮುಂದ ಬೈದ್ರಂತ. ಮನಸಿಗೆ ಭಾಳ ಹಚ್ಚಿಕೊಂಡಾರ."

"ಮತ್ತೇನ್ರಿ ಸರ್?"

"ಹುಡುಗ್ರ ಮುಂದ ಹೇಳಬಾರದಿತ್ರಿ ಮೇಡಂ. ಒಳಗ ಚೇಂಬರಿಗೆ ಬಂದು ಹೇಳಿದ್ರ..." ಅವರು ವಾಕ್ಯ ಮುಗಿಸಲಿಲ್ಲ. ಅವಳೂ ಮುಗಿಸಿಕೊಡಲಿಲ್ಲ.

ಮೂರು ದಿನ ಸರೋಜಾ ಮನೆ ಬಿಟ್ಟು ಹೊರಬೀಳಲಿಲ್ಲ. ಅವಳಿಗೆ ಅವಮಾನವಾಗಿರಲಿಲ್ಲ, ನಷ್ಟವಾಗಿತ್ತು. ಎರಡೂ ಬೇರೆ ಬೇರೆ. ಬೆಳಿಗ್ಗೆ ಐದಕ್ಕೆ ಎದ್ದು ಬುತ್ತಿ ಕಟ್ಟಿಕೊಂಡು ಟಂಟಂಗೆ ಕಾಯುವ ಅವ್ವನನ್ನು ನೋಡಿ, ಆ ಒಂದು ಶಬ್ದ ಹೇಳಿಬಿಡಬೇಕಾಗಿತ್ತು ಎಂದು ಅನಿಸಿದ್ದೂ ಉಂಟು. ಅನಿಸಿದ್ದಕ್ಕೆ ತನ್ನನ್ನೇ ಬೈದುಕೊಂಡದ್ದೂ ಉಂಟು.

ನಾಲ್ಕನೆಯ ದಿನ ಅಮಾವಾಸ್ಯೆ, ಮೋನಮ್ಮ ಕೂಲಿಗೆ ಹೋಗಿರಲಿಲ್ಲ. ಹೊತ್ತೇರಿದ ಮೇಲೆ ಓಣಿಯ ಬಾಯಲ್ಲಿ ಟೆಂಪೋವೊಂದು ಹಾರ್ನು ಹೊಡೆಯಿತು. ಆ ಸಂದಿಯಲ್ಲಿ ಎತ್ತಿನ ಬಂಡಿ ಬಂದರೇ ಹೆಚ್ಚು. ಎರಡೂ ಕಡೆಯ ಕಟ್ಟೆಗಳನ್ನು ಸವರುತ್ತ ಬಂದು ಅದು ಮೋನಮ್ಮನ ಬಾಗಿಲಲ್ಲಿ ನಿಂತಿತು. ಹಿಂದೆ ಸ್ಟೀಲಿನ ಕೊಪ್ಪರಿಗೆ, ಡಬರಿ, ಪರಾತ, ಹಗ್ಗ ಕಟ್ಟಿದ ತಾಟಿನ ಅಟ್ಟಿ. ಬಿಸಿಲಿಗೆ ಕಣ್ಣು ಕುಕ್ಕುವಂತೆ. ಡ್ರೈವರಿನ ಪಕ್ಕದಿಂದ ಬಸಲಿಂಗ ಇಳಿದ. ಮೀಸೆ ಬೆಳ್ಳಗಾಗಿತ್ತು. ಈ ಓಣಿಯಲ್ಲಿ ಅವನು ಕಾಲಿಟ್ಟದ್ದನ್ನು ಕಂಡವರಿರಲಿಲ್ಲ. ಹೆಂಗಸರು ಬಾಗಿಲಿಗೆ ಬಂದರು.

"ಗೌಡ್ರು ಕಳಸ್ಯಾರ," ಎಂದ ಯಾರ ಮುಖವನ್ನೂ ನೋಡದೆ. "ಇಳಸ್ಕೊಳ್ರಿ."

ಸರೋಜಾ ಒಳಗಿನಿಂದ ಓಡಿಯೇ ಬಂದಳು. ಓಡಿ ಬಂದದ್ದಕ್ಕೆ ಆಮೇಲೆ ನಾಚಿಕೆಯಾಯಿತು. "ಗೌಡ್ರು ಮತ್ತೇನರ ಕೊಟ್ಟು ಕಳಸ್ಯಾರೇನು?" ಎಂದು ಕೇಳಿದಳು. "ಕಾಲೇಜಿನ ಲಕೋಟಿ, ಕಾಗದ, ಏನರ?"

ಬಸಲಿಂಗ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. "ಇಲ್ಲ. ಭಾಂಡಿ ಅಷ್ಟ."

ಮಹಾದೇವಪ್ಪನವರ ಫೋನು ಬಂದಾಗ ಬಾರದ ಅಳು ಈಗ ಬಂತು. ಅವಳು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಳು.

ಮೋನಮ್ಮ ಮೊಣಕಾಲಿಗೆ ಕೈಯೂರಿ ಎದ್ದು ಟೆಂಪೋದ ಹತ್ತಿರ ಬಂದಳು. ಒಂದು ಕೊಪ್ಪರಿಗೆಯ ಅಂಚನ್ನು ಬೆರಳಿನಿಂದ ಬಾರಿಸಿ ನೋಡಿದಳು. ಒಳ್ಳೆಯ ದಪ್ಪ ಭಾಂಡೆ. "ಯಾರ ಮನ್ಯಾಗ ಕಾರ್ಯ ಐತಪಾ ಬಸಲಿಂಗ?" ಎಂದು ಕೇಳಿದಳು.

"ನನಗೇನ್ ಗೊತ್ತವಾ? ನಿಮ್ಮ ಓಣಿಗೆ ಬೇಕಾಗ್ಯಾವಂತ."

"ಈಗ ಯಾರ ಮನ್ಯಾಗೂ ಇಲ್ಲ. ಒಯ್ಯಿ ವಾಪಸ್."

"ಏ, ಗೌಡ್ರು ನನಗ ಬೈತಾರ..."

"ಬೈಲಿ. ನಾ ಹೇಳೀನಿ ಅಂತ ಹೇಳು. ನಮ್ಮ ಮನ್ಯಾಗ ಕಾರ್ಯ ಇದ್ದಾಗ ನಾವಽ ಬಂದು ಕೇಳ್ತೀವಿ. ಆವಾಗ ಕೊಡ್ರಿ."

ಬಸಲಿಂಗ ಸುತ್ತಲೂ ನೋಡಿದ. ಬಾಗಿಲುಗಳಲ್ಲಿ ನಿಂತ ಹೆಂಗಸರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಅವನು ಹೋಗಿ ಡ್ರೈವರಿನ ಪಕ್ಕ ಕೂತ.

ಟೆಂಪೋ ತಿರುಗಿಸಲು ಅಲ್ಲಿ ಜಾಗವಿರಲಿಲ್ಲ. ಕಾಲುವೆಯ ರಸ್ತೆಯವರೆಗೂ ಹಿಂದಕ್ಕೇ ಹೋಗಬೇಕು. ಭಾಂಡೆಯ ರಾಶಿಯಿಂದಾಗಿ ಡ್ರೈವರಿಗೆ ಹಿಂದಿನದೇನೂ ಕಾಣುತ್ತಿರಲಿಲ್ಲ. ಒಂದು ಸಲ ಕಟ್ಟೆಗೆ ತಾಗಿಸಿದ, ಇನ್ನೊಂದು ಸಲ ನೆರೆಮನೆಯ ಹಂಪಮ್ಮನ ನೀರಿನ ಕೊಡ ಉರುಳಿಸಿದ. ಸರೋಜಾ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದಳು. ಟೆಂಪೋದ ಹಿಂದೆ, ಡ್ರೈವರಿಗೆ ಪಕ್ಕದ ಕನ್ನಡಿಯಲ್ಲಿ ಕಾಣುವಂತೆ ಒಂದು ಬದಿಗೆ ನಿಂತು ಕೈ ಎತ್ತಿದಳು.

"ಬರ್ಲಿ," ಎಂದಳು, ಕೊನೆಯ ಬೆಂಚಿನವರೆಗೆ ಕೇಳಿಸುವ ದನಿಯಲ್ಲಿ. "ಬರ್ಲಿ, ಬರ್ಲಿ... ಎಡಕ್ಕ ಹೊಡಿ. ಇನ್ನೂ ಸ್ವಲ್ಪ. ಬರ್ಲಿ."

ತಾಟುಗಳು ಗಲಗಲ ಎನ್ನುತ್ತ ಹಿಂದಕ್ಕೆ ಸರಿದವು. ಅವಳು ಕೈ ಇಳಿಸದೆ, ಒಂದೊಂದೇ ಹೆಜ್ಜೆ ಹಿಂದಿಡುತ್ತ, ರಸ್ತೆಯ ತನಕ ನಡೆದಳು.